ಹತ್ತನೇ ಸಹಿ

ಪಕ್ಷೇತರನಾಗಿ ಲೋಕಸಭೆಗೆ ನಿಲ್ಲಬೇಕೆಂದರೆ ನಾಮಪತ್ರಕ್ಕೆ ಹತ್ತು ಮಂದಿ ಸೂಚಕರ ಸಹಿ ಬೇಕು. ರುದ್ರಮುನಿಗೆ ಸಿಕ್ಕಿದ್ದು ಒಂಬತ್ತೇ. ಅವತ್ತೇ ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ ಬಾಗಿಲು ಬಂದ್. ಹೆಂಡತಿಯನ್ನೇ ಕೇಳೋಣವೆಂದರೆ ಅವಳು ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಯಾರದೋ ನಾಮಕರಣವೆಂದು ಹೊರಟುಹೋಗಿದ್ದಳು. ಏದುಸಿರು ಬಿಡುತ್ತಾ ಟೈಲರ್ ಬಾಷಾ ಸಾಬರ ಅಂಗಡಿಗೆ ನುಗ್ಗಿದ.

“ಸಾಬ್ರೇ, ಇಲ್ಲೊಂದು ಸಹಿ ಹಾಕ್ಬಿಡಿ. ಗೆದ್ದು ಬಂದು ನಿಮ್ಮ ಬೀದಿಗೆ ಚರಂಡಿ ಮಾಡಿಸ್ತೀನಿ.”

ಸಾಬರು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. “ತಪ್ಪು ತಿಳೀಬೇಡಿ ಸ್ವಾಮಿ. ಬೆಳಿಗ್ಗೆನೇ ಇನ್ನೊಬ್ಬರಿಗೆ ಹಾಕ್ಕೊಟ್ಟೆ. ಇಬ್ಬರಿಗೂ ಹೂಂ ಅನ್ನೋ ಮನುಷ್ಯ ನಾನಲ್ಲ.”

“ನನಗಿಂತ ಬೇಕಾದೋರು ಯಾರ್ರೀ ಅದು? ಇಪ್ಪತ್ತು ವರ್ಷದಿಂದ ನನ್ನ ಜುಬ್ಬಾ ಹೊಲೀತಿದ್ದೀರಿ!”

“ಅವರ ರವಿಕೇನೂ ಹೊಲೀತಿದ್ದೀನಲ್ಲ.”

“ಹೆಂಗಸಾ!” ರುದ್ರಮುನಿ ಗಹಗಹಿಸಿ ನಕ್ಕ. “ಠೇವಣಿ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ಅಲ್ಲಾ, ಆಯಮ್ಮ ಗಂಡನ್ನ ಒಂದು ಮಾತಾದ್ರೂ ಕೇಳಿದ್ದಾಳಂತಾ?”

ಸಾಬರು ಹಲ್ಲಿನಲ್ಲಿ ದಾರ ಕಡಿದರು.

“ನಾನೂ ಅದನ್ನೇ ಕೇಳ್ದೆ ಸ್ವಾಮಿ. ‘ಅವರಿಗೆಲ್ಲಿ ಪುರುಸೊತ್ತು ಸಾಬ್ರೇ, ಸಹಿ ಸಹಿ ಅಂತ ಬೀದಿ ಬೀದಿ ಅಲೀತಿದ್ದಾರೆ’ ಅಂದ್ರು ಅಕ್ಕೋರು.”