ಚಟ್ಟದಂಗಡಿಯ ಸ್ಕೂಟರ್

ಮಂಡ್ಯದಲ್ಲಿ ಚಟ್ಟದ ಸಾಮಾನು ಮಾರುವ ಚಿಕ್ಕತಾಯಮ್ಮನನ್ನೂ ಸರ್ಕಾರದ ಕಾನೂನು ಬಿಟ್ಟಿರಲಿಲ್ಲ. ಯಾವ ಅಂಗಡಿಯೇ ಆಗಲಿ, ತಿಂಗಳಿಗೆ ಮೂರು ಕರೆಂಟ್ ಸ್ಕೂಟರ್ ಮಾರದಿದ್ದರೆ ಬೀಗ. ತಿಂಗಳ ಕಡೆಯ ದಿನ, ಇನ್ನೊಂದು ಸ್ಕೂಟರ್ ಮಾರುವುದು ಬಾಕಿಯಿರುವಾಗ, ತೀರಿಕೊಂಡ ಅಪ್ಪನಿಗೆ ಬಿದಿರು ಕೊಳ್ಳಲು ಜವರಪ್ಪ ಬಂದ.

"ಸ್ಕೂಟರ್ ತಕೊಂಡ್ರೇನೇ ಬಿದಿರು ಕಣಪ್ಪ."

"ಹಾಲಿನ ಡೈರೀಲೊಂದು, ಚೌರದಂಗಡೀಲೊಂದು ಆಗ್ಲೇ ತಲೆಗೆ ಕಟ್ಟವ್ರೆ ಕಣಮ್ಮಾ!"

"ನಿಂಗ್ಯಾಕೆ? ನಿಮ್ಮಪ್ಪನ ಹೆಸ್ರಿಗೇ ಬರ್ಕೋತೀನಿ. ಕಂತನ್ನೂ ಅವ್ರೇ ಕಟ್ಲಿ."

ಮರುದಿನ ಡೀಸೆಲ್ ಜೀಪಿನಲ್ಲಿ ಬಂದ ಅಧಿಕಾರಿ ಪುಸ್ತಕ ನೋಡಿ ಹಿಗ್ಗಿದ. "ಊರೆಲ್ಲ ಸ್ಕೂಟರ್ ಕೆಟ್ಟೋಯ್ತು ಅಂತ ಬೊಬ್ಬೆ ಹೊಡೀತಿದೆ. ನಿಮ್ಮ ಗಿರಾಕಿಗಳು ಮಾತ್ರ ಒಬ್ಬರೂ ತುಟಿಪಿಟಿಕ್ ಅಂದಿಲ್ಲ!"

ಚಿಕ್ಕತಾಯಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಿದಿರಿನ ಅಳತೆ ಅಂದಾಜು ಮಾಡಿದಳು.

"ನಿಮ್ಮ ಹೆಸ್ರಿಗೂ ಒಂದು ಎತ್ತಿಟ್ಟಿರ್ತೀನಿ ಸ್ವಾಮಿ. ನೀವು ನಿಧಾನಕ್ಕೆ ಬನ್ನಿ."