ಮೂಡಲ ದಿಡ್ಡಿ, ಪಡುವಲ ದಿಡ್ಡಿ

ಆಟೊ ಬಂದು ಕೆಳಗೆ ನಿಂತದ್ದೇ ಚಿತ್ರಲಿಂಗಪ್ಪ ಕಿಟಕಿಯಿಂದ ಹಿಂದೆ ಸರಿದರು. ಇಳಿದವರು ಕಾಟಪ್ಪನವರೇ. ಕಂಕುಳಲ್ಲಿ ಕೆಂಪು ಬಟ್ಟೆಯ ಗಂಟು. ಇವತ್ತೊಂದು ದಿನ ಬರಿಗೈಯಲ್ಲಿ ಬರಲಿ ಎಂದು ಚಿತ್ರಲಿಂಗಪ್ಪ ಮೇಷ್ಟ್ರು ಬೆಳಗಿನಿಂದ ಕಂಡ ಕಂಡ ದೇವರಿಗೆಲ್ಲ ಕೈಮುಗಿದಿದ್ದರು. ಒಬ್ಬ ದೇವರೂ ಕಿವಿಗೊಟ್ಟಿರಲಿಲ್ಲ.

ಮೂರು ದಿನದ ಹಿಂದೆ ಕಾಟಪ್ಪನವರ ಫೋನು ಬಂದಿತ್ತು. "ಮಾಡದಕೆರೆ ಹುಚ್ಚಕ್ಕನ ಮನ್ಯಾಗೆ ಪಾಳೆಯಗಾರರ ಕಾಲದ ಬಟ್ಟೆ ಕಡತ ಸಿಕ್ಕೈತೆ ಮೇಷ್ಟ್ರೇ. ಸೋಮವಾರ ತರ್ತೀನಿ. ನಮ್ಮ ಜಗಳ ಅಲ್ಲಿಗೆ ತೀರ್ತು ಅಂತ ತಿಳ್ಕಳ್ರಿ." ಆಮೇಲೆ ಮೇಷ್ಟ್ರು ನೆಟ್ಟಗೆ ಊಟ ಮಾಡಿರಲಿಲ್ಲ.

ಅದು ಅಂತಿಂಥ ಜಗಳವಲ್ಲ. ಇಪ್ಪತ್ತೆರಡು ವರ್ಷದ್ದು. ಹೊಸದುರ್ಗದ ಕಡೆ ಒಂದು ಪುಟ್ಟ ಗುಡ್ಡ, ಗುಡ್ಡದ ಮೇಲೊಂದು ಕೋಟೆ, ಕೋಟೆಗೆ ಎರಡು ದಿಡ್ಡಿ ಬಾಗಿಲು. ಒಬ್ಬೊಬ್ಬರೇ ಬಗ್ಗಿ ನುಸುಳಬಹುದಾದಷ್ಟು ಚಿಕ್ಕವು. ಪಾಳೆಯಗಾರರ ಕಾಲದಲ್ಲಿ ಒಂದು ಮುಂಜಾನೆ ಶತ್ರುಗಳು ಒಳಗೆ ನುಗ್ಗಿದರು. ಚಿತ್ರದುರ್ಗದಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದ ಚಿತ್ರಲಿಂಗಪ್ಪ, ನುಗ್ಗಿದ್ದು ಮೂಡಲ ದಿಡ್ಡಿಯಿಂದ ಎಂದು ಮುನ್ನೂರು ಪುಟ ಬರೆದರು. ಸೈನ್ಯದ ಫಿರಂಗಿ ದಳದಲ್ಲಿ ಹವಾಲ್ದಾರರಾಗಿದ್ದು ತಮ್ಮೂರು ಹರಿಯಬ್ಬೆಗೆ ಮರಳಿದ ಕಾಟಪ್ಪ, ನುಗ್ಗಿದ್ದು ಪಡುವಲ ದಿಡ್ಡಿಯಿಂದ ಎಂದು ನಾನೂರು ಪುಟ ಬರೆದರು. ಗುಡ್ಡ ಹತ್ತದ ಮೇಷ್ಟ್ರು ಯುದ್ಧ ಬರೆದರೆ ಹೀಗೇ ಆಗುವುದು ಎಂದು ಮುನ್ನುಡಿಯಲ್ಲೇ ಚುಚ್ಚಿದರು. ಎರಡು ಪುಸ್ತಕಗಳನ್ನೂ ಕೊನೆಯವರೆಗೆ ಓದಿದವರು ಬಹುಶಃ ಈ ಇಬ್ಬರೇ. ಒಬ್ಬರದನ್ನು ಇನ್ನೊಬ್ಬರು ಓದಿದ್ದು ತಪ್ಪು ಹುಡುಕಲಿಕ್ಕೆ.

ಅಂದಿನಿಂದ ಪ್ರತಿ ಸೋಮವಾರ ಕಾಟಪ್ಪ ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಹೊಸ ಆಧಾರ, ಹೊಸ ಬೈಗುಳ. ಸಂಜೆಯ ತನಕ ಮಹಡಿಯ ಮೇಲಿನ ಮೇಷ್ಟ್ರ ಬಾಡಿಗೆ ಕೋಣೆಯೇ ರಣರಂಗ. ಉಳಿದ ಆರು ದಿನ ಅಲ್ಲಿ ಫ್ಯಾನಿನದೊಂದೇ ಸದ್ದು. ಮೇಷ್ಟ್ರು ಮದುವೆಯಾದವರಲ್ಲ. "ನನಗೆ ಇರೋದು ಆ ಪುಸ್ತಕ ಒಂದೇ" ಎಂದು ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಬರುವವರು ಕಡಿಮೆಯಾಗಿ ಆ ಮಾತೂ ನಿಂತಿತ್ತು. ಇವತ್ತು ಆ ಗಂಟು ಬಿಚ್ಚಿದರೆ ಎಲ್ಲವೂ ಮುಗಿದಂತೆಯೇ.

"ಬರ್ರಿ ಹವಾಲ್ದಾರ್ರೇ, ಕುಂತ್ಕಳ್ರಿ. ಮೊದ್ಲು ಮಂಡಕ್ಕಿ ತಿನ್ರಿ."

ಕಾಟಪ್ಪ ಕುಳಿತರು. ಮಂಡಕ್ಕಿ ಮುಟ್ಟಲಿಲ್ಲ. ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ಇಷ್ಟು ಹೊತ್ತಿಗೆ ನಾಲ್ಕು ಬೈಗುಳವಾದರೂ ಬರಬೇಕಿತ್ತು, ಒಂದೂ ಬರಲಿಲ್ಲ. ಮೇಷ್ಟ್ರಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

"ಇದು ನೆತ್ತರುಗೊಡಗೆ ಕಡತ," ಎಂದರು ಕಾಟಪ್ಪ. "ಯುದ್ಧದಾಗೆ ಸತ್ತೋರ ಮಕ್ಕಳಿಗೆ ಹೊಲ ಬಿಟ್ಟುಕೊಟ್ಟಿದ್ದು. ಸತ್ತೋನು ಯಾವ ದಿಡ್ಡಿ ಕಾಯ್ತಿದ್ದ ಅಂತ ಬರ್ದೈತೆ."

"ಅದು ನಕಲಿ," ಎಂದುಬಿಟ್ಟರು ಮೇಷ್ಟ್ರು.

ಗಂಟು ಇನ್ನೂ ಬಿಚ್ಚಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಕಾಟಪ್ಪ ಮೇಷ್ಟ್ರ ಮುಖವನ್ನೇ ನೋಡಿದರು.

"ಆರು ತಿಂಗ್ಳು ಕಾಡಿದ್ಮ್ಯಾಲೆ ಹುಚ್ಚಕ್ಕ ಇದನ್ನ ಕೊಟ್ಲು. ಒಂಬತ್ತು ವರ್ಷದ ಹಿಂದೆ ಯಾರೋ ಬಂದು ಓದಿ, ಇದನ್ನ ಯಾರಿಗೂ ತೋರಿಸ್ಬ್ಯಾಡಮ್ಮ ಅಂತ ಕೈಮುಗ್ದು ಹೋಗಿದ್ರಂತೆ. ಹೆಸ್ರು ಮರ್ತೋಗೈತೆ ಆಯಮ್ಮಗೆ."

ಮೇಷ್ಟ್ರು ಉಸಿರು ಬಿಟ್ಟರು.

"ನಿಮ್ಮ ಪುಸ್ತಕದ ಹಿಂದೆ ಫೋಟೊ ಐತಲ್ಲ, ಅದನ್ನ ತೋರ್ಸಿದೆ. ಇವ್ರೇ ಅಂದ್ಲು."

ನಲವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವರು, ಆಧಾರವಿಲ್ಲದೆ ಒಂದು ಸಾಲು ಬರೆಯಬಾರದೆಂದು ಕಾಟಪ್ಪನವರಿಗೇ ನೂರು ಸಲ ಬುದ್ಧಿ ಹೇಳಿದವರು, ಆಧಾರವನ್ನೇ ಬಚ್ಚಿಟ್ಟಿದ್ದರು. ನಾಚಿಕೆಯಿಂದ ಅವರ ಕಿವಿ ಸುಡುತ್ತಿತ್ತು.

"ಇವತ್ತು ಬ್ಯಾಡ ಹವಾಲ್ದಾರ್ರೇ," ಎಂದರು ಕೊನೆಗೆ. "ಮುಂದಿನ ಸೋಮವಾರ ನೋಡಾಣ."

"ಮುಂದಿನ ಸೋಮವಾರ ಅನ್ನೋದು ಇನ್ನಿಲ್ಲ ಮೇಷ್ಟ್ರೇ. ಬರ್ದಿದ್ದು ತಪ್ಪಾದ್ರೆ ತಪ್ಪಾತು ಅನ್ಬೇಕು. ಸೋತೋನು ಸುಮ್ಕೆ ಗುಡ್ಡ ಇಳ್ದು ಮನೆಗೆ ಹೋಗ್ಬೇಕು. ಅದೇ ಸಿಪಾಯಿ ಧರ್ಮ."

ಕಾಟಪ್ಪ ಗಂಟು ಬಿಚ್ಚಿದರು. ಕಪ್ಪು ಬಳಿದ ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ತೆರೆದು, ಬಳಪದ ಬಿಳಿ ಅಕ್ಷರಗಳ ಮೇಲೆ ಬೆರಳಿಟ್ಟರು. ಮೇಷ್ಟ್ರು ಕನ್ನಡಕ ಹಾಕಿಕೊಳ್ಳಲಿಲ್ಲ. ಗೋಡೆ ನೋಡುತ್ತ ಕುಳಿತರು.

"'ಮೂಡಲ ದಿಡ್ಡಿಯಲ್ಲಿ ಕಾದಿ ಮಡಿದ ಯತ್ತಪ್ಪನ ಮಕ್ಕಳಿಗೆ...'" ಓದುತ್ತಿದ್ದ ಕಾಟಪ್ಪ ಅಲ್ಲಿಗೇ ನಿಲ್ಲಿಸಿ ಎರಡೂ ಕೈ ಜೋಡಿಸಿದರು. "ಮೂಡಲ ದಿಡ್ಡಿ. ನೀವು ಹೇಳಿದ್ದೇ ದಿಟ ಮೇಷ್ಟ್ರೇ, ನನ್ನ ನಾನೂರು ಪುಟನೂ ಸುಳ್ಳು. ಒಪ್ಕಂಡು ಹೋಗಾಣ ಅಂತ್ಲೇ ಬಂದೆ. ಆದ್ರೆ ನಿಮ್ಮನ್ನ ಗೆಲ್ಲಿಸೋ ಕಡತನ ನೀವೇ ಯಾಕ್ರಿ ಬಚ್ಚಿಟ್ರಿ?"

ಚಿತ್ರಲಿಂಗಪ್ಪ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಗೆದ್ದಿದ್ರೆ ಸೋಮವಾರ ನೀವು ಬರೋದು ನಿಂತೋಗ್ತಿತ್ತಲ್ರೀ."