ಅಂಗಿ ಕೊಡವುವ ಕೈ

ರೇಷನ್ ಅಂಗಡಿಯ ಹೊಸ ಮೆಷಿನ್ನಿಗೆ ಹೆಬ್ಬೆಟ್ಟು ಒತ್ತಿದರೆ, ಅಕ್ಕಿಯ ತೂಕದ ಜೊತೆ ಉಳಿದ ಆಯುಷ್ಯವನ್ನೂ ಹೇಳುತ್ತದೆ. ಆಸ್ಬೆಸ್ಟಾಸ್ ಶೀಟಿನ ಫ್ಯಾಕ್ಟರಿಯಿಂದ ನಿವೃತ್ತರಾದ ಹಾಲಪ್ಪ ಅಳುಕುತ್ತಲೇ ಒತ್ತಿದರು.

"ಇಪ್ಪತ್ತು ವರ್ಷ," ಎಂದಿತು ಮೆಷಿನ್.

ಹೆಂಡತಿ ನೀಲಮ್ಮ ಒತ್ತಿದರು.

"ಎರಡು ವರ್ಷ. ಶೀಟಿನ ಧೂಳು, ಕ್ಯಾನ್ಸರ್."

"ನೀವೂ ಫ್ಯಾಕ್ಟರೀಲಿದ್ರಾ ಅಮ್ಮ?" ಅಂಗಡಿಯವನು ಅಕ್ಕಿ ಸುರಿಯುತ್ತಾ ಕೇಳಿದ.

"ಇಲ್ಲಪ್ಪ. ದಿನಾ ಇವರ ಯೂನಿಫಾರಂ ಕೊಡವಿ ಒಗೀತಿದ್ದೆ."

ಒಗೆಯುವ ವ್ಯವಸ್ಥೆ ಫ್ಯಾಕ್ಟರಿಯಲ್ಲೇ ಇತ್ತು. ಹೆಂಡತಿ ಒಗೆದಷ್ಟು ಚೊಕ್ಕವಾಗುವುದಿಲ್ಲವೆಂದು ಮನೆಗೆ ತರುತ್ತಿದ್ದವರು ಹಾಲಪ್ಪನವರೇ. ಯಾರ ಮುಖವನ್ನೂ ನೋಡದೆ ಅವರು ಚೀಲವನ್ನು ಹೆಗಲಿಗೇರಿಸಿದರು. ಅಂಗಿಯ ಮೇಲೆ ಅಕ್ಕಿಯ ಬಿಳಿ ಹುಡಿ ಉದುರಿತು.

"ನಿಂತ್ಕಳ್ರಿ, ಧೂಳಾತು," ಎಂದು ನೀಲಮ್ಮ ಎಂದಿನಂತೆ ಕೊಡವಲು ಕೈ ಚಾಚಿದರು.

ಹಾಲಪ್ಪ ಹಿಂದಕ್ಕೆ ಸರಿದರು.